ಮಂಡಕ್ಕಿ ಮೌಲಾ ಸಾಬರ ಗೇರ್ ಸೈಕಲ್ಲು

ದಾವಣಗೆರೆಯಲ್ಲಿ ಮಂಡಕ್ಕಿ ತಿನ್ನದವರಿಲ್ಲ, ನಮ್ಮ ಮಾವನ ಬಡಾಯಿ ಕೇಳದವರೂ ಇಲ್ಲ. ಎರಡೂ ಒಂದೇ ಜಾತಿ. ನೋಡಲು ಚೀಲ ತುಂಬ ಇರುತ್ತದೆ, ತೂಗಿದರೆ ಏನೂ ಇರುವುದಿಲ್ಲ.

ಮಾವನ ಹೆಸರು ಮೌಲಾ ಸಾಬ್. ಭಟ್ಟಿಯಿಂದ ಬಿಸಿ ಮಂಡಕ್ಕಿ ತುಂಬಿಸಿಕೊಂಡು, ಆಳೆತ್ತರದ ಎರಡು ಚೀಲಗಳನ್ನು ಸೈಕಲ್ಲಿನ ಹಿಂದೆ ಅಡ್ಡ ಕಟ್ಟಿ, ಕೊಂಡಜ್ಜಿ ಕಾಡಿನ ಅಂಚು, ಸಾರಥಿ, ಆಮೇಲೆ ಹರಿಹರ ಅಂತ ಊರೂರು ಕೊಡುತ್ತಾ ಹೋಗುವುದು ಅವರ ಕಸುಬು. ಅದಕ್ಕೆ ಅವರು ‘ಲೈನು’ ಅನ್ನುತ್ತಾರೆ, ರೈಲ್ವೆಯವರ ಹಾಗೆ. ಈಗ ವಯಸ್ಸಾಗಿರುವುದರಿಂದ ಭಾನುವಾರ ಮಾತ್ರ ಲೈನು. ಉಳಿದ ದಿನವೆಲ್ಲ ಆ ಭಾನುವಾರದ ಬಡಾಯಿ. ‘ನಾನು ಪೆಡಲ್ ಮ್ಯಾಲೆ ಕಾಲಿಟ್ರೆ ಬಸ್ಸಿನವ್ರು ಸೈಡ್ ಕೊಡ್ತಾರ’ ಅನ್ನುವುದು ಅದರಲ್ಲಿ ಸಣ್ಣದು.

ನಾನು ಅವರ ಅಳಿಯ ಹಿದಾಯತ್. ಹರಿಹರದಲ್ಲಿ ಫ್ಯಾನು, ಮಿಕ್ಸಿ ಮಾರುವ ಅಂಗಡಿ ಇಟ್ಟಿದ್ದೇನೆ. ಬೆಳಗಿನಿಂದ ಸಂಜೆವರೆಗೆ ಕೂತೇ ಇರುವ ಉದ್ಯೋಗ, ಅದಕ್ಕೆ ತಕ್ಕ ಹೊಟ್ಟೆ. ನನಗೆ ಸಿಟ್ಟು ಬೇಗ ಬರುತ್ತದೆ ಅಂತ ಹೆಂಡತಿ ಬುಷ್ರಾ ಹೇಳುತ್ತಾಳೆ. ಬರದೆ ಏನು ಮಾಡುತ್ತದೆ? ಇಂಥ ಮಾವನನ್ನು ಕಟ್ಟಿಕೊಂಡು ನೋಡಿ, ಗೊತ್ತಾಗುತ್ತದೆ.

ಎರಡು ವರ್ಷದ ಹಿಂದಿನ ಆಷಾಢದಲ್ಲಿ ಮಾವ ಕಾಲುವೆಗೆ ಬಿದ್ದರು. ನಮ್ಮ ಕಡೆಯ ಆಷಾಢದ ಗಾಳಿ ನೀವು ಕಂಡವರಲ್ಲದಿದ್ದರೆ ಹೇಳುತ್ತೇನೆ. ಇಲ್ಲಿ ಗುಡ್ಡವಿಲ್ಲ, ಬೆಟ್ಟವಿಲ್ಲ, ಕಣ್ಣು ಹಾಯುವವರೆಗೆ ಗದ್ದೆ ಬಯಲು. ಪಡುವಣದಿಂದ ಹೊರಟ ಗಾಳಿಗೆ ಅಡ್ಡ ಬರುವವರು ಯಾರೂ ಇಲ್ಲ, ನಮ್ಮ ಮಾವನನ್ನು ಬಿಟ್ಟರೆ. ಅವತ್ತು ಏರಿಯ ಮೇಲೆ ಬರುವಾಗ ಗಾಳಿ ಎರಡು ಚೀಲಕ್ಕೂ ಒಟ್ಟಿಗೆ ನುಗ್ಗಿತು. ಸೈಕಲ್ಲು, ಚೀಲ, ಮಾವ ಮೂರೂ ಕಾಲುವೆಯೊಳಕ್ಕೆ. ಮಂಡಕ್ಕಿ ಚೀಲ ತೇಲಿತು, ಅದನ್ನು ತಬ್ಬಿಕೊಂಡು ಮಾವನೂ ತೇಲಿದರು. ಹಳೇ ಕರೀ ಸೈಕಲ್ಲು ಮಾತ್ರ ಸಿಗಲೇ ಇಲ್ಲ. ಮನೆಗೆ ಬಂದವರು ಬಟ್ಟೆ ಹಿಂಡುತ್ತಾ ಅಂದದ್ದೇನು ಗೊತ್ತೇ? ‘ಕಾಲುವೆ ಮೀನೆಲ್ಲ ಇವತ್ತು ಮಂಡಕ್ಕಿ ತಿಂದು ಹೋದ್ವು, ಖಾರ ಒಂದು ಕಮ್ಮಿ ಆಯ್ತು.’

ಸೈಕಲ್ ಹೋಯಿತು, ಇನ್ನು ಮನೆಯಲ್ಲಿರುತ್ತಾರೆ ಅಂತ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆದರೆ ಗೋಡೆಗೆ ಒಂದು ಸೈಕಲ್ ನೇತು ಹಾಕಿತ್ತಲ್ಲ! ನನ್ನ ಬಾಮೈದ ಫೈಸಲ್ ಮೈ ಇಳಿಸುತ್ತೇನೆ ಅಂತ ಗುಡ್ಡ ಹತ್ತುವ ಗೇರ್ ಸೈಕಲ್ ತಂದಿದ್ದ. ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರು, ಎಣಿಸಲು ಬೇಸರವಾಗುವಷ್ಟು ಗೇರು. ಹತ್ತಲು ಗುಡ್ಡ ಸಿಗದೆ, ಕೆಲವು ಭಾನುವಾರ ಬೆಣ್ಣೆದೋಸೆ ಹೋಟೆಲ್‌ವರೆಗೆ ಹೋಗಿ ಬಂದು, ಹೋಗುವಾಗ ಇದ್ದದ್ದಕ್ಕಿಂತ ದಪ್ಪಗಾಗಿ ಬಿಟ್ಟುಬಿಟ್ಟ. ಆಮೇಲೆ ಅದರ ಮೇಲೆ ಒದ್ದೆ ಟವೆಲ್ ಒಣಗುತ್ತಿದ್ದವು.

ಮಾವ ಅದನ್ನು ಇಳಿಸಿ, ಸುತ್ತ ಒಂದು ಸಲ ನಡೆದು, ಎತ್ತಿನ ಸಂತೆಯಲ್ಲಿ ನೋಡುವ ಹಾಗೆ ನೋಡಿದರು.

‘ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ಲೂ ಇಲ್ಲ. ಏನು ನೋಡಿ ತಂದ್ಯೋ ಫೈಸಲ್? ಅರ್ಧ ಕಟ್ಟಿರೋ ಮನಿ ಕೊಂಡಂಗಾಯ್ತು.’

ಅಂದೇ ಅದನ್ನು ಜುಬೇರನ ರಿಪೇರಿ ಅಂಗಡಿಗೆ ಒಯ್ದರು. ಜುಬೇರ ಕಬ್ಬಿಣದ ಸರಳು ಬಗ್ಗಿಸಿ ವೆಲ್ಡಿಂಗ್ ಮಾಡಿ ಕ್ಯಾರಿಯರ್ ಕೂರಿಸಿದ. ಎರಡು ಕಾಲಿನ ಸ್ಟ್ಯಾಂಡು, ತಗಡಿನ ಮಡ್‌ಗಾರ್ಡು, ಊರೆಲ್ಲ ಕೇಳುವ ಬೆಲ್ಲು ಬಂದವು. ಗೇರುಗಳನ್ನೆಲ್ಲ ಒಂದೇ ಕಡೆ ತಂತಿ ಬಿಗಿದು ಕಟ್ಟಿಸಿದರು. ‘ಒಂದು ಗೇರ್ ಸಾಕು. ಹೆಂಡ್ತಿ ಒಬ್ಳು, ಗೇರ್ ಒಂದು’ ಅಂದರಂತೆ. ನಮ್ಮ ಹರಿಹರದ ಗುಡಿಯಲ್ಲಿ ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ ಇದ್ದಾರಲ್ಲ, ಈ ಸೈಕಲ್ಲೂ ಹಾಗೇ ಆಯಿತು: ಮುಂದಿನರ್ಧ ಫಾರಿನ್ನು, ಹಿಂದಿನರ್ಧ ಹಾಲಿನವರದು. ಫೈಸಲ್ ನೋಡಿ ಅತ್ತೇ ಬಿಟ್ಟ.

ಈ ವರ್ಷ ಆಷಾಢ ಮತ್ತೆ ಬಂತು, ಗಾಳಿಯೂ ಬಂತು, ಮನೆಯಲ್ಲಿ ಜಗಳವೂ ಶುರುವಾಯಿತು. ಫೈಸಲ್ ಈಗ ಲಗೇಜ್ ಆಟೋ ಇಟ್ಟಿದ್ದಾನೆ. ‘ಲೈನು ನಾನು ನೋಡ್ಕೋತೀನಿ, ಅಬ್ಬಾ ಮನೇಲಿರ್ಲಿ, ಸೈಕಲ್ ಮಾರಿಬಿಡ್ತೀನಿ, ಗಿರಾಕಿ ಸಿಕ್ಕೈತೆ’ ಅಂದ. ಮಾವ ಊಟ ಬಿಟ್ಟರು. ಕೂತಲ್ಲೇ ಕೂತರು. ಬಡಾಯಿಯನ್ನೂ ನಿಲ್ಲಿಸಿದರು, ಆಗಲೇ ಎಲ್ಲರಿಗೂ ಹೆದರಿಕೆಯಾದದ್ದು.

ಕೊನೆಗೆ ಅತ್ತೆ ಅಮೀನಾಬೀ ಹರಿಹರಕ್ಕೆ ಫೋನ್ ಮಾಡಿದರು. ನಮ್ಮ ಮನೆಮಾತು ಉರ್ದು. ಆದರೆ ಹಳ್ಳಿ ತಿರುಗಿದ ಮಾವನ ಸಹವಾಸಕ್ಕೆ ಆ ಮನೆಯಲ್ಲಿ ಜಗಳ, ಪಂಚಾಯ್ತಿ, ತೀರ್ಪು ಎಲ್ಲ ಕನ್ನಡದಲ್ಲೇ ನಡೆಯುತ್ತವೆ.

‘ಬೇಟಾ, ಈ ಭಾನುವಾರ ಅವರ ಜೊತಿ ನೀವು ಒಂದು ಸೈಕಲ್ ತಗೊಂಡು ಹೋಗ್ರಿ. ದಾವಣಗೆರೆಯಿಂದ ನಿಮ್ಮ ಮನಿ ಬಾಗಿಲತನಕ. ನಾನು, ಫೈಸಲ್ ಮುಂಚೇನೇ ಬಂದು ಕೂತಿರ್ತೀವಿ. ನಿಮ್ಮ ಕಣ್ಣಿಂದ ನೋಡಿದ್ದು ಹೇಳ್ರಿ. ಸುಳ್ಳು ಹೇಳಬ್ಯಾಡ್ರಿ. ನೀವು ಏನು ಹೇಳ್ತೀರೋ ಅದೇ ಕೊನೆ. ಫೈಸಲ್ಲೂ ಒಪ್ಪ್ಯಾನೆ.’

ನಾನು ಮನಸ್ಸಿನಲ್ಲೇ ತೀರ್ಪು ಬರೆದಾಗಿತ್ತು. ಈ ವಯಸ್ಸಿನಲ್ಲಿ, ಈ ಗಾಳಿಯಲ್ಲಿ, ಎಂಥ ಸೈಕಲ್ಲು? ಮಾರಿ ಬಿಸಾಕಿ ಅಂತ ಹೇಳಿ ಬರುವುದು. ಆದರೆ ಅತ್ತೆಯ ಮಾತು ತೆಗೆದುಹಾಕುವ ಅಳಿಯ ಇನ್ನೂ ಹುಟ್ಟಿಲ್ಲ. ಬರ್ತೀನಿ, ಸುಳ್ಳು ಹೇಳಲ್ಲ ಅಂತ ಮಾತು ಕೊಟ್ಟೆ. ‘ಹೋಗ್ರಿ, ಹೊಟ್ಟೆನೂ ಒಂದಿಷ್ಟು ಇಳೀತೈತೆ’ ಅಂತ ಬುಷ್ರಾ ಬೇರೆ ಒಗ್ಗರಣೆ ಹಾಕಿದಳು.

ನಮ್ಮ ಪಕ್ಕದ ಅಂಗಡಿಯ ಹನುಮೇಶ್ ಸೈಕಲ್ ಹುಚ್ಚಿನವನು. ಅವನು ತನ್ನ ಗೇರ್ ಸೈಕಲ್ಲು, ಹೆಲ್ಮೆಟ್ಟು, ಮೈಗಂಟುವ ಚಡ್ಡಿ, ಪೆಡಲ್ಲಿಗೆ ಕಚ್ಚಿಕೊಳ್ಳುವ ಬೂಟು ಎಲ್ಲ ಕೊಟ್ಟ. ಆ ಬೂಟಿನ ಗುಟ್ಟು ಏನೆಂದರೆ, ಇಳಿಯುವ ಮುಂಚೆ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಕಾಲು ಬಿಡುವುದಿಲ್ಲ. ಅದನ್ನು ಅವನು ಹೇಳಿದ್ದ. ನಾನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡದ್ದಕ್ಕೂ ಕಾಲಿಗೂ ಏನು ಸಂಬಂಧ?

ಶನಿವಾರ ರಾತ್ರಿಯೇ ಸೈಕಲ್ಲನ್ನು ಫೈಸಲ್‌ನ ಆಟೋಗೆ ಹೇರಿಸಿಕೊಂಡು ದಾವಣಗೆರೆಗೆ ಬಂದಿದ್ದೆ. ಭಾನುವಾರ ಬೆಳಿಗ್ಗೆ ನಮಾಜು ಮುಗಿಸಿ ಮಾವನ ಮನೆಯ ಹಜಾರಕ್ಕೆ ಆ ಚಡ್ಡಿಯಲ್ಲಿ ಬಂದು ನಿಂತೆ. ಅತ್ತೆ ತಕ್ಷಣ ಗೋಡೆ ಕಡೆ ತಿರುಗಿ, ‘ಬೇಟಾ, ಮ್ಯಾಲೆ ಪ್ಯಾಂಟ್ ಹಾಕ್ಕೊಳ್ಳೋದು ಮರೆತಂಗೈತೆ’ ಅಂದರು. ಮಾವನ ಪೈಜಾಮ ಏರಿಸಿಕೊಂಡು ಹೊರಟೆ. ಮಾವ ನನ್ನ ಹೆಲ್ಮೆಟ್ಟಿನ ಮೇಲೆ ಬೆರಳಿನಿಂದ ಕುಟ್ಟಿ ನೋಡಿ, ‘ಒಳ್ಳೇ ಪಾತ್ರೆ’ ಅಂದರು.

ಬೀದಿಯಲ್ಲಿ ಮಾವ ಹೊರಟ ಗತ್ತು ನೋಡಬೇಕಿತ್ತು! ಭಟ್ಟಿಯ ಕಟ್ಟೆಗೆ ಕಾಲುಕೊಟ್ಟು ಹತ್ತಿ, ಬೆಲ್ ಹೊಡೆಯುತ್ತಾ, ಎಡಕ್ಕೆ ಸಲಾಂ, ಬಲಕ್ಕೆ ನಮಸ್ಕಾರ. ಹಿಂದಿನಿಂದ ನೋಡಿದರೆ ಮನುಷ್ಯನೇ ಕಾಣುವುದಿಲ್ಲ, ಎರಡು ಚೀಲ ತಾವೇ ಬೆಲ್ ಹೊಡೆದುಕೊಂಡು ಹೋಗುತ್ತಿವೆ. ಪರವಾಗಿಲ್ಲ, ಗಟ್ಟಿ ಇದ್ದಾರೆ ಅಂದುಕೊಂಡೆ. ಊರ ಕೊನೆ ಮನೆ ದಾಟಿದ ಮೇಲೆ ನನಗೂ ಹುರುಪು ಬಂತು, ಗೇರ್ ಹಾಕಿ ಮುಂದೆ ನುಗ್ಗಿದೆ.

ನುಗ್ಗಿದ್ದು ಸ್ವಲ್ಪ ದೂರ. ಆಮೇಲೆ ಬಂತು ನೋಡಿ ಗಾಳಿ. ನಾನು ಫ್ಯಾನ್ ಮಾರುವವನು, ಗಾಳಿ ನನ್ನ ಅನ್ನ. ಆ ಅನ್ನವೇ ಅವತ್ತು ಎದುರು ನಿಂತು ಎದೆಗೆ ಕೈ ಹಾಕಿ ದಬ್ಬಿತು. ಗದ್ದೆ ಸಪಾಟು, ಕಾಲುವೆ ಏರಿ ಸಪಾಟು, ಆದರೂ ಗುಡ್ಡ ಹತ್ತಿದ ಹಾಗೆ ತುಳಿಯಬೇಕು. ಇರುವ ಗೇರೆಲ್ಲ ಬದಲಾಯಿಸಿದೆ. ಗಾಳಿಗೆ ಗೇರಿನ ಲೆಕ್ಕವೇ ಇಲ್ಲ. ಹಿಂದೆ ತಿರುಗಿದರೆ ಮಾವ ಇಲ್ಲ. ನಿಲ್ಲೋಣ ಅಂತ ನಿಂತೆ. ಹಿಮ್ಮಡಿ ತಿರುಗಿಸುವುದು ಮರೆತೆ. ನಿಂತ ಸೈಕಲ್ಲಿನ ಮೇಲೆ ಕೂತೇ, ಮರ ಬಿದ್ದ ಹಾಗೆ, ನಿಧಾನವಾಗಿ ಪಕ್ಕಕ್ಕೆ ಬಿದ್ದೆ. ಎಮ್ಮೆ ಕಾಯುತ್ತಿದ್ದ ಅಜ್ಜಿಯೊಬ್ಬಳು, ‘ಯಪ್ಪಾ, ಕಾಲು ಇಳಿಸಬೇಕಿತ್ತು’ ಅಂದಳು. ಗೊತ್ತು ತಾಯಿ, ಗೊತ್ತು.

ಬಹಳ ಹೊತ್ತಾದ ಮೇಲೆ ಗದ್ದೆಗಳ ನಡುವೆ ಬಿಳಿ ಚೀಲ ಕಂಡವು. ಹತ್ತಿರ ಬಂದಾಗ ಮಾವ ಸೈಕಲ್ಲಿನ ಮೇಲೇ ಇದ್ದರು, ಬೆಲ್ ಹೊಡೆಯುತ್ತಿದ್ದರು. ‘ಅವಸರ ಮಾಡಬ್ಯಾಡ್ರಿ ಬೇಟಾ, ಸೈಕಲ್ಲಿಗೆ ಒಂದು ಹದ ಐತೆ’ ಅಂದರು. ಹದ ಇರಬಹುದು ಅಂದುಕೊಂಡೆ.

ಕಾಡಿನ ಅಂಚಿನ ಹಳ್ಳಿಯಲ್ಲಿ ತಿಪ್ಪೇರುದ್ರಪ್ಪನವರ ಮನೆ. ಗದ್ದೆ ಮಾಡುವವರು, ಮನೆ ಮುಂದೆ ಸಣ್ಣ ಕಿರಾಣಿ ಅಂಗಡಿಯೂ ಉಂಟು. ಮಾವ ಚೀಲ ಇಳಿಸುತ್ತಾ ‘ಇವ್ರು ನಮ್ಮ ಅಳಿಯ’ ಅಂದದ್ದೇ ತಪ್ಪಾಯಿತು. ಒಳಗಿನಿಂದ ಹೆಂಗಸರು ಬಂದರು, ಚಾಪೆ ಬಂತು, ತಂಬಿಗೆಯಲ್ಲಿ ನೀರು ಬಂತು.

‘ಅಳಿಯಂದ್ರು ಮೊದಲ್ನೇ ಸಲ ಬಂದೀರಿ, ಉಣ್ಣದಂಗೆ ಹೋಗೋದುಂಟೇನ್ರಿ? ಕೂಡ್ರಿ!’ ಅಂದರು ತಿಪ್ಪೇರುದ್ರಪ್ಪ.

‘ಯಜಮಾನ್ರೆ, ಮದುವೆಯಾಗಿ ಆರು ವರ್ಷ ಆಯ್ತು, ಹೊಸ ಅಳಿಯ ಅಲ್ಲ ನಾನು’ ಅಂದೆ.

‘ನಮಗೆ ಇವತ್ತೇ ಹೊಸಬ್ರು.’

ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೇಲೆ ಶಾವಿಗೆ ಪಾಯಸ. ಸಾಕು ಅಂದರೆ ಅಳಿಯನಿಗೆ ನಾಚಿಕೆ ಅಂತ ಇನ್ನೊಂದು ರೊಟ್ಟಿ. ಬೇಡ ಅಂದರೆ ಸಾಬರು ಏನಂದುಕೊಳ್ಳುತ್ತಾರೆ ಅಂತ ಮತ್ತೊಂದು. ಎದ್ದು ನಿಂತರೆ ಹೆಗಲ ಮೇಲೆ ಹೊಸ ಟವೆಲ್ಲು, ಕೈಗೆ ಎರಡು ತೆಂಗಿನಕಾಯಿ, ಒಂದು ಸಿಹಿಗುಂಬಳ. ನನ್ನ ಫಾರಿನ್ ಸೈಕಲ್ಲಿನಲ್ಲಿ ಇದನ್ನೆಲ್ಲ ಎಲ್ಲಿಡಲಿ? ಮಾವ ತೆಂಗಿನಕಾಯಿ, ಕುಂಬಳಕಾಯಿ ಎಲ್ಲವನ್ನೂ ತಮ್ಮ ಕ್ಯಾರಿಯರ್‌ಗೆ ಬಿಗಿದರು. ಬಿಗಿಯುತ್ತಾ ಆ ಸರಳನ್ನು ಒಮ್ಮೆ ತಟ್ಟಿದರು, ನನಗೆ ಕಾಣುವ ಹಾಗೆ.

ಅಲ್ಲಿಂದ ಕಾಡಿನ ದಾರಿ. ಬೇವು, ಕಮರ, ನಡುವೆ ಕೆಮ್ಮಣ್ಣಿನ ಜಾಡು, ಆಚೆ ಕೆರೆ ಹೊಳೆಯುತ್ತಿತ್ತು. ಹೊಟ್ಟೆಯಲ್ಲಿ ಪಾಯಸ ಕುಲುಕಾಡುತ್ತಿತ್ತು. ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಮಾವನ ಪೈಜಾಮ ನನ್ನ ಚೈನಿಗೆ ಸಿಕ್ಕಿ, ಎರಡನೇ ಸಲ ಬಿದ್ದೆ. ಪೈಜಾಮ ಹರಿದು, ಚೈನು ಜಾರಿ, ಗಿಡದ ಮರೆಯಲ್ಲಿ ಕೂತು ಬೈದುಕೊಳ್ಳುತ್ತಾ ಬಿಡಿಸುತ್ತಿದ್ದೆ. ಆಗ ಮಾವ ಬಂದರು.

ಅವರು ನಡೆದು ಬರುತ್ತಿದ್ದರು. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಸೀಟಿನ ಮೇಲೆ. ಸೈಕಲ್ಲಿನ ಜೊತೆ ಮಾತಾಡುತ್ತಾ ಬರುತ್ತಿದ್ದರು. ‘ನೋಡು, ಆ ಗುಂಡಿ ತಪ್ಪಿಸು, ಹಂಗೆ, ಶಾಬಾಸ್.’ ಗಾಳಿ ಜೋರಾಗಿ ಬೀಸಿದಾಗ ನಿಂತು, ಎರಡು ಕೈಯಲ್ಲೂ ಸೈಕಲ್ಲನ್ನು ಅಪ್ಪಿ ಹಿಡಿದು, ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು. ಅಲ್ಲಾಹ್, ಅಲ್ಲಾಹ್ ಅನ್ನುತ್ತಿದ್ದರು. ಗಾಳಿ ಇಳಿದ ಮೇಲೆ ಮತ್ತೆ ನಡೆದರು.

ನನ್ನ ಹೆಲ್ಮೆಟ್ಟು ಕಂಡು ಗಕ್ಕನೆ ನಿಂತರು.

‘ಚೈನು ಬಿಸಿ ಆಗಿತ್ತು,’ ಅಂದರು. ‘ಆರ್ಲಿ ಅಂತ ಇಳಿದೆ.’

‘ಅಬ್ಬಾ, ದಾವಣಗೆರೆಯಿಂದಾನೂ ಆರ್ತಾ ಐತಾ?’

ಮಾವ ಸ್ಟ್ಯಾಂಡ್ ಹಾಕಿ ಅಲ್ಲೇ ಕೂತರು. ಬಡಾಯಿ ಇಲ್ಲದ ಮಾವನನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮುದುಕರಾಗಿದ್ದರು.

‘ಕಾಲಿಗೆ ಇನ್ನೂ ಬಲ ಐತೆ ಬೇಟಾ, ನಡೆಯೋಕೆ ಹರಿಹರ ಯಾವ ಲೆಕ್ಕ? ಎದಿಗೆ ಬಲ ಇಲ್ಲ. ಕಾಲುವೆಗೆ ಬಿದ್ದಾಗಿಂದ ಹತ್ತಿ ಕೂತ್ರೆ ಸಾಕು, ಗಾಳಿ ಕಿವೀಲಿ ಹೆಸ್ರು ಹಿಡಿದು ಕರೆದಂಗಾಗ್ತೈತೆ. ಊರು ಬಂದಾಗ ಮಾತ್ರ ಹತ್ತತೀನಿ. ಮನಿ ಮರೆ ಇರ್ತೈತೆ, ಗಾಳಿ ತಾಕಲ್ಲ. ಊರ ಕೊನೇಲಿ ಇಳಿದುಬಿಡ್ತೀನಿ. ಬೆಳಿಗ್ಗೆ ಗದ್ದಿ ನಡುವೆ ನೀವು ಕಾಯ್ತಿದ್ದು ಕಂಡು, ಜೀವ ಕೈಲಿ ಹಿಡ್ಕೊಂಡು ನಾಲ್ಕು ಮಾರು ಹತ್ತಿದ್ದೆ, ಅಷ್ಟೇ.’

‘ಹಂಗಾದ್ರೆ ಸೈಕಲ್ ಯಾಕ? ಫೈಸಲ್ ಆಟೋದಲ್ಲಿ ಮುಂದೆ ಕೂತು ಹೋಗಬಹುದಲ್ಲ?’

‘ಆಟೋದಾಗೆ ಕೂತ್ರೆ ನಾನು ಫೈಸಲ್ಲನ ಲಗೇಜು. ಬರಿಗೈಲಿ ನಡೆದ್ರೆ ದಾರಿತಪ್ಪಿದ ಮುದುಕ. ಸೈಕಲ್ ಹಿಡ್ಕೊಂಡು ನಡೆದ್ರೆ ಮಂಡಕ್ಕಿ ಮೌಲಾ ಸಾಬ್.’ ಆಮೇಲೆ ನನ್ನ ಕೈ ಹಿಡಿದುಕೊಂಡರು. ‘ನಿಮ್ಮತ್ತೆಗೆ ಹೇಳಬ್ಯಾಡ್ರಿ. ನಾನು ಹೆದರ್ತೀನಿ ಅಂತ ಆಕಿಗೆ ಗೊತ್ತಾಗೋದು ಬ್ಯಾಡ. ಎರಡು ವರ್ಷದಿಂದ ಒಂದು ನರಪಿಳ್ಳೆಗೂ ಗೊತ್ತಿಲ್ಲ.’

ಸುಳ್ಳು ಹೇಳುವುದಿಲ್ಲ ಅಂತ ಅತ್ತೆಗೆ ಮಾತು ಕೊಟ್ಟವನು ನಾನು. ನಿಜ ಹೇಳಿದರೆ ನಾಳೆ ಸೈಕಲ್ ಮಾರಾಟ, ಮಾವ ಮತ್ತೆ ಮೂಲೆಗೆ. ಸುಳ್ಳು ಹೇಳಿದರೆ ಅತ್ತೆಯ ಮುಂದೆ ಈ ಮುಖ ಹೇಗೆ ಎತ್ತಲಿ? ಅತ್ತ ದರಿ, ಇತ್ತ ಪುಲಿ. ‘ನೋಡೋಣ ನಡೀರಿ’ ಅಂತ ಗೊಣಗಿದೆ. ಆ ಬೂಟಿನಲ್ಲಿ ನಡೆದರೆ ಲಾಳ ಕಟ್ಟಿದ ಕುದುರೆ ಹಾಗೆ ಟಕಟಕ ಸದ್ದು, ಹೆಜ್ಜೆಗೊಂದು ಸಲ ಜಾರುವುದು. ಮಾವ ತಮ್ಮ ಬುತ್ತಿ ಚೀಲದಿಂದ ಒಂದು ಜೊತೆ ಹಳೇ ಚಪ್ಪಲಿ ತೆಗೆದುಕೊಟ್ಟರು.

‘ಇದ್ಯಾಕ ಇದರಾಗೆ?’

‘ಬುತ್ತಿ ಕಟ್ಟೋದು ನಿಮ್ಮತ್ತೆ. ಗಡಿಬಿಡೀಲಿ ಏನೇನೋ ತುಂಬಿರ್ತಾಳೆ, ಪಾಪ, ವಯಸ್ಸಾಯ್ತು.’

ಇಬ್ಬರೂ ಎರಡು ಗೇರ್ ಸೈಕಲ್ ತಳ್ಳಿಕೊಂಡು ನಡೆದೆವು. ನಿಜ ಹೇಳಬೇಕೆಂದರೆ ಅದಕ್ಕಿಂತ ಸುಖದ ಪ್ರಯಾಣ ನಾನು ಮಾಡಿಲ್ಲ. ತುಳಿಯುವಾಗ ನನಗೆ ಕಂಡದ್ದು ನನ್ನ ಮುಂದಿನ ಚಕ್ರ ಒಂದೇ. ಈಗ ನಾಟಿಯ ಗದ್ದೆ ಕಂಡಿತು, ಬೆಳ್ಳಕ್ಕಿ ಕಂಡವು, ಕಾಲುವೆಯಲ್ಲಿ ಮಾವ ಬಿದ್ದ ಜಾಗವೂ ಕಂಡಿತು. ಆ ಜಾಗದಲ್ಲಿ ಮಾವ ನನ್ನನ್ನು ನೀರಿನ ಕಡೆಗೆ ಬಿಟ್ಟು ತಾವು ಗದ್ದೆ ಕಡೆಗೆ ಸರಿದುಕೊಂಡರು. ಅಳಿಯನನ್ನು ಬಲಿ ಕೊಡಲು ಅವರಿಗೆ ಅಡ್ಡಿ ಇರಲಿಲ್ಲ.

ಸಾರಥಿ ಊರ ಮುಂದೆ ಹಳ್ಳ ದಾಟಿದ ಕೂಡಲೇ ಮೊಣಕಾಲೆತ್ತರದ ಒಂದು ಕಲ್ಲು. ಮಾವ ಅದರ ಪಕ್ಕ ಸೈಕಲ್ ನಿಲ್ಲಿಸಿ, ಕಲ್ಲಿನ ಮೇಲೆ ನಿಂತು, ನಿರಾಳವಾಗಿ ಸೀಟಿಗೆ ಕೂತರು. ಕಲ್ಲಿಗೆ ಯಾರೋ ಅಚ್ಚುಕಟ್ಟಾಗಿ ಸುಣ್ಣ ಬಳಿದಿದ್ದರು.

‘ಇದಕ್ಕೆ ಸುಣ್ಣ ಯಾರು ಹೊಡೆದ್ರು?’

‘ಪಂಚಾಯ್ತಿಯವ್ರು ಇರಬೇಕು’ ಅಂದವರೇ ಬೆಲ್ ಹೊಡೆದು ಹೊರಟರು. ನಾನೂ ಅದೇ ಕಲ್ಲು ಹತ್ತಿ ಹಿಂದೆಯೇ ಬಂದೆ. ‘ಸಾಬ್ರು ಬಂದ್ರು, ಸಾಬ್ರು ಬಂದ್ರು’ ಅಂತ ಕಟ್ಟೆ ಮೇಲಿನವರು ಕೂಗಿದರು. ಮಾವನ ಬೆನ್ನು ನೆಟ್ಟಗಾಯಿತು. ಆ ಒಂದು ಬೀದಿಯ ಉದ್ದ ಅವರು ನಿಜವಾಗಿ ಬಸ್ಸಿಗೂ ಸೈಡ್ ಕೊಡುವ ಆಸಾಮಿ ಆಗಿರಲಿಲ್ಲ.

ಸಾರಥಿಯಲ್ಲಿ ಓಬವ್ವನ ಅಂಗಡಿ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾಡಿ ಮಾರುವ ಮುದುಕಿ, ಬಾಯಿ ಬಜ್ಜಿಗಿಂತ ಖಾರ. ‘ಸಾಬಣ್ಣ, ಇದ್ಯಾರು, ನಿನ್ ಅಳಿಯನಾ? ತಲಿಮ್ಯಾಲೆ ಚಟ್ಟಿ ಯಾಕ ಹಾಕ್ಕೊಂಡಾನೆ?’ ಅಂದಳು. ಅಷ್ಟು ಹೇಳಿ, ಸುಮ್ಮನೆ ಬಿಡುತ್ತಾಳೆಯೇ? ಹೋಳಿಗೆ ಬಂತು, ಬಜ್ಜಿ ಬಂತು, ಅಳಿಯನ ಮರ್ಯಾದೆ ಅಂತ ಹೋಳಿಗೆ ಮೇಲೆ ತುಪ್ಪದ ಕೆರೆ ಬಂತು. ಉಂಡೆ, ಏನು ಮಾಡಲಿ? ಕೈ ತೊಳೆಯಲು ಹಿತ್ತಲಿಗೆ ಹೋದಾಗ ಓಬವ್ವ ಹಿಂದೆಯೇ ಬಂದು ನೀರು ಹಾಕುತ್ತಾ ದನಿ ಇಳಿಸಿದಳು.

‘ಅಳಿಯಪ್ಪ, ಆ ಕಲ್ಲು ಸರಿಯಾಗೈತಾ? ಮೊದ್ಲಿಂದು ಗಿಡ್ಡ ಇತ್ತು, ಸಾಬಣ್ಣ ಹತ್ತೋವಾಗ ಜೋಲಿ ಹೊಡೀತಿದ್ದ. ನಮ್ಮೋರಿಗೆ ಹೇಳಿ ಎತ್ತರದ್ದು ಹಾಕ್ಸಿದೀನಿ. ದೂರದಿಂದ ಕಾಣ್ಲಿ ಅಂತ ಸುಣ್ಣನೂ ಬಳಿದೀನಿ. ಆತಗೆ ಹೇಳಬ್ಯಾಡ, ಮತ್ತೆ. ಯಾರಿಗೂ ಗೊತ್ತಿಲ್ಲ ಅಂದ್ಕೊಂಡಾನೆ.’

ನನಗೆ ನಗು ಬರಬೇಕಿತ್ತು, ಬರಲಿಲ್ಲ. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದೆ. ತುಪ್ಪ ಜಾಸ್ತಿಯಾಯಿತು ಅಂತ ಹೇಳಿ ತಪ್ಪಿಸಿಕೊಂಡೆ.

ಆಮೇಲೆ ಹರಿಹರದವರೆಗೂ ನಡಿಗೆ. ಎಡಕ್ಕೆ ಗದ್ದೆ, ಬಲಕ್ಕೆ ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಮಾವ ಮತ್ತೆ ಬಡಾಯಿ ಶುರು ಮಾಡಿದ್ದರು. ಹಿಂದೊಮ್ಮೆ ಇದೇ ಹೊಳೆಯ ಪ್ರವಾಹವನ್ನು ಸೈಕಲ್ಲಿನಲ್ಲೇ ದಾಟಿದರಂತೆ, ಚಕ್ರ ನೆನೆಯಲಿಲ್ಲವಂತೆ. ಹೂಂ ಅಂದೆ. ನನ್ನ ತಲೆ ತುಂಬ ತೀರ್ಪಿನ ಚಿಂತೆ.

ಗುಡಿಯ ಹಿಂದಿನ ಓಣಿ ತಿರುಗಿದರೆ ನಮ್ಮ ಮನೆ. ತಿರುವಿನ ಕಟ್ಟೆಯ ಹತ್ತಿರ ಮಾವ ಹತ್ತಿದರು. ನನಗೂ ಮರ್ಯಾದೆ ಇದೆಯಲ್ಲ, ಸೈಕಲ್ ವಾಪಸ್ ಒಯ್ಯಲು ಹನುಮೇಶ್ ಬೇರೆ ಬಂದು ನಿಂತಿರುತ್ತಾನೆ, ಚಪ್ಪಲಿ ಬಿಚ್ಚಿ ಬೂಟು ಏರಿಸಿ ನಾನೂ ಹತ್ತಿದೆ. ಬಾಗಿಲಲ್ಲಿ ಅತ್ತೆ, ಫೈಸಲ್, ಬುಷ್ರಾ, ನನ್ನ ಮಗಳು ನುಜತ್ ಎಲ್ಲರೂ ಸಾಲಾಗಿ ನಿಂತಿದ್ದಾರೆ. ಮಾವ ಬೆಲ್ ಹೊಡೆಯುತ್ತಾ, ಹೂವಿನ ಹಾಗೆ ಬಂದು, ಮೆಟ್ಟಿಲಿಗೆ ಕಾಲು ಕೊಟ್ಟು ಇಳಿದರು. ನಾನು ಹಿಂದೆಯೇ ಬಂದು, ಬ್ರೇಕ್ ಹಿಡಿದು, ನಿಂತು, ಮಾಮೂಲಿನಂತೆ ಮಗ್ಗುಲಿಗೆ ಬಿದ್ದೆ. ಈ ಸಲ ಮಾವನ ಕ್ಯಾರಿಯರ್ ಹಿಡಿದುಕೊಂಡು ಬಿದ್ದದ್ದರಿಂದ ಸಿಹಿಗುಂಬಳವೂ ನನ್ನ ಜೊತೆ ಬಂದು ಒಡೆಯಿತು.

‘ಅಬ್ಬು ಬಿದ್ರು!’ ಅಂತ ನುಜತ್ ಚಪ್ಪಾಳೆ ತಟ್ಟಿದಳು.

ಹಜಾರದಲ್ಲಿ ಪಂಚಾಯ್ತಿ ಸೇರಿತು. ಮಾವ ಮೂಲೆಯ ಕುರ್ಚಿಯಲ್ಲಿ, ಮೊಣಕಾಲ ಮೇಲೆ ಕೈಯಿಟ್ಟು ನೆಲ ನೋಡುತ್ತಾ ಕೂತರು. ಅತ್ತೆ ಕೇಳಿದರು, ‘ಹೇಳ್ರಿ ಬೇಟಾ. ನಿಮ್ಮ ಕಣ್ಣಿಂದ ಏನು ನೋಡಿದ್ರಿ?’

ನಾನು ಹೆಲ್ಮೆಟ್ಟು ತೆಗೆದು ಪಕ್ಕಕ್ಕಿಟ್ಟೆ.

‘ಅಮ್ಮಾ, ಅಬ್ಬಾ ಇಡೀ ದಾರೀಲಿ ಒಂದು ಸಲನೂ ಬೀಳ್ಲಿಲ್ಲ. ಅವ್ರು ಹೋಗೋ ರೀತಿ ನೋಡಿದ್ರೆ ಬೀಳೋ ಹಂಗೇ ಇಲ್ಲ. ಬಿದ್ದಿದ್ದೆಲ್ಲ ನಾನೇ.’ ಇಷ್ಟರಲ್ಲಿ ಒಂದಕ್ಷರ ಸುಳ್ಳಿಲ್ಲ, ನೀವೇ ನೋಡಿ.

ಫೈಸಲ್ ಬಿಡಲಿಲ್ಲ, ಭಾವನನ್ನೇ ಹಿಡಿದುಕೊಂಡ. ‘ದುಲ್ಹೇಭಾಯ್, ಈ ಗಾಳೀಲಿ ತುಳೀತಾರಾ?’

‘ಊರೊಳಗೆ ಬರೋವಾಗ ನೋಡಬೇಕಪ್ಪಾ ಅವ್ರು ತುಳಿಯೋದನ್ನ! ಈಗ ನೀನೇ ನೋಡಿದ್ಯಲ್ಲ? ಗಾಳಿ ಬಂದ್ರೆ ಹೆಂಗಿರಬೇಕು ಅಂತ ಅವ್ರಿಗೆ ಗೊತ್ತು. ನಂಗೆ, ನಿಂಗೆ ಗೊತ್ತಿಲ್ಲ.’

‘ಆದ್ರೆ…’ ಅಂದ ಫೈಸಲ್.

‘ಆದ್ರೆ ಗೀದ್ರೆ ಬ್ಯಾಡ,’ ಅಂದರು ಅತ್ತೆ. ‘ಅವರ ಮಾತೇ ಕೊನೆ ಅಂತ ಒಪ್ಪಿದೀಯ. ಗಿರಾಕಿಗೆ ಫೋನ್ ಮಾಡಿ ಇಲ್ಲ ಅಂತ ಹೇಳು.’

ಮಾವ ತಲೆ ಎತ್ತಿದರು. ಕಣ್ಣು ಒದ್ದೆಯಾಗಿತ್ತು. ಅದು ಒಂದು ಕ್ಷಣ. ಮರುಕ್ಷಣಕ್ಕೆ, ‘ನಾನು ಹೇಳ್ಲಿಲ್ವಾ? ಇವತ್ತು ಅಳಿಯಂದ್ರು ಜೊತಿಗಿದ್ರು ಅಂತ ನಿಧಾನ ಬಂದೆ’ ಅಂದರು. ನಾನು ತರಚಿದ ಮಂಡಿ ಸವರಿಕೊಂಡೆ.

ಸ್ವಲ್ಪ ಹೊತ್ತಿಗೆ ಮಂಡಿಗೆ ಅರಿಸಿನ ಹಚ್ಚಿಸಿಕೊಳ್ಳಲು ಅಡುಗೆಮನೆಗೆ ಹೋದೆ. ಅತ್ತೆ ಒಬ್ಬರೇ ಇದ್ದರು. ತಮ್ಮ ಬ್ಯಾಗಿನಿಂದ ಪೇಪರ್ ಸುತ್ತಿದ ಗಂಟು ತೆಗೆದು, ಬಿಚ್ಚಿ, ಹೊಸ ಚಪ್ಪಲಿ ಒಂದು ಜೊತೆ ಹೊರಗಿಟ್ಟರು.

‘ಇದನ್ನ ಅವರ ಬುತ್ತಿ ಚೀಲದಾಗೆ ಹಾಕ್ರಿ. ಕಾಲಾಗಿರೋದು ಹಿಮ್ಮಡಿ ಪೂರ್ತಿ ಸವೆದೈತೆ.’

ನಾನು ಅವರ ಮುಖವನ್ನೇ ನೋಡಿದೆ.

‘ಹಂಗ್ಯಾಕ ನೋಡ್ತೀರಿ ಬೇಟಾ? ಸೈಕಲ್ ಹೊಡಿಯೋರಿಗೆ ಟೈರ್ ಸವೀತಾವೆ. ಇವ್ರಿಗೆ ಎರಡು ವರ್ಷದಿಂದ ಟೈರ್ ಹೊಸಾದಂಗೇ ಐತೆ, ಚಪ್ಪಲಿ ಸವೀತಾವೆ. ನಂಗೆ ಕಣ್ಣಿಲ್ವಾ?’

‘ಎಲ್ಲ ಗೊತ್ತಿದ್ದು ನನ್ನ ಯಾಕ ಕಳ್ಸಿದ್ರಿ ಅಮ್ಮಾ? ಮೂರು ಸಲ ಬಿದ್ದೀನಿ!’

‘ಫೈಸಲ್ ಬಾಯಿ ಮುಚ್ಚಿಸಬೇಕಿತ್ತು. ನನ್ನ ಮಾತು ಕೇಳಲ್ಲ, ಅಳಿಯನ ಮಾತು ತೆಗೆದುಹಾಕೋಕೆ ಆಗಲ್ಲ.’ ಅರಿಸಿನ ಕಲಸತೊಡಗಿದರು. ‘ಅಷ್ಟು ದೂರ ಹೆದರ್ಕೊಂಡ್ ಒಬ್ರೇ ನಡೀತಾರೆ ಬೇಟಾ. ನಾನು ಜೊತಿಗೆ ಬರ್ತೀನಿ ಅಂದ್ರೆ ಗೊತ್ತಾಗಿಬಿಡ್ತೈತೆ. ಒಂದು ದಿನನಾದ್ರೂ ಪಕ್ಕದಾಗೆ ಯಾರಾದ್ರೂ ಇರ್ಲಿ ಅಂತ ಆಸೆ ಆಯ್ತು.’

ಹೊರಗೆ ಮಾವ ಹನುಮೇಶನಿಗೆ ಕ್ಯಾರಿಯರ್ ತೋರಿಸುತ್ತಿದ್ದರು. ‘ನಿಮ್ದಕ್ಕೂ ಒಂದು ಹಾಕ್ಸಿಬಿಡ್ರಿ, ಜುಬೇರಂಗೆ ನಾನು ಹೇಳ್ತೀನಿ’ ಅನ್ನುವುದು ಕೇಳಿಸುತ್ತಿತ್ತು.

ನಾನು ಚಪ್ಪಲಿ ಎತ್ತಿಕೊಂಡೆ. ಪೇಪರಿನಲ್ಲಿ ಇನ್ನೂ ಏನೋ ಉಳಿದಿತ್ತು. ಮತ್ತೊಂದು ಜೊತೆ, ಸ್ವಲ್ಪ ದೊಡ್ಡದು.

‘ಇದು ಯಾರಿಗೆ ಅಮ್ಮಾ?’

‘ಅಳತೆ ಬುಷ್ರಾ ಹೇಳಿದ್ಳು,’ ಅಂದರು ಅತ್ತೆ, ನನ್ನ ಮಂಡಿಗೆ ಅರಿಸಿನ ಒತ್ತುತ್ತಾ. ‘ಮುಂದಿನ ಭಾನುವಾರನೂ ಗಾಳಿ ಇರ್ತೈತಲ್ಲ.’